ರಾಶಿಯ ಅರ್ಧ ಎಲ್ಲಿದೆ?

(ನಮ್ಮ ಸಂಸ್ಥೆಯ ವಾರ್ಷಿಕ ಸಮ್ಮೇಳನದಲ್ಲಿ ವಿದ್ಯಾರ್ಥಿಗಳನ್ನೂ ಪಾಲಕರನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸ)



ಈ ಶುಭ ಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡಲು ನಮ್ಮನ್ನು ಕರೆದು ಗೌರವಿಸಿದ್ದೀರಿ. ಇಂಥ ಸಂದರ್ಭಗಳಲ್ಲಿ ನಾಡು ನುಡಿಗಳನ್ನು ಕುರಿತು ಮಾತನಾಡುವುದು ರೂಢಿ. ನಾವಾದರೋ ಇಂದು ಲೆಕ್ಕವನ್ನು ಕುರಿತು ಮಾತನಾಡಬೇಕೆಂದು ಬಂದಿದ್ದೇವೆ. ಲೆಕ್ಕವೆಂದೊಡನೆ ಹಿಂದಿನ ಸಾಲಿನ ಬಾಲಕರ ಮುಖ ಬಾಡಿದ್ದು ನಮಗೆ ಕಾಣುತ್ತಿದೆ. ಅವರು ಹೆದರಬೇಕಾಗಿಲ್ಲ. ನಾವು ಹೇಳಹೊರಟ ಲೆಕ್ಕವು ಕಣದಲ್ಲಿ ಬಿದ್ದಿರುವ ಜೋಳದ ರಾಶಿಯದು. ಸಂತೆಯಲ್ಲಿ ಕೈಗೆ ಬರುವ ಶೇಂಗಾ ಪೊಟ್ಟಣದ್ದು. ಅದನ್ನು ಬಲ್ಲವರು ಈ ಸಭೆಯಲ್ಲಿಯೇ ಬಹು ಮಂದಿ ಇದ್ದಾರೆ. ತಾವು ಬಲ್ಲೆವೆಂಬುದು ಅವರಿಗೆ ತಿಳಿದಿಲ್ಲ, ಅಷ್ಟೆ.

ಮೊದಲು ನಮ್ಮದೊಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಈ ಗಡಿಸೀಮೆಯ ಒಂದು ಕನ್ನಡ ಶಾಲೆಯಲ್ಲಿ ಪಾಲಕರ ಸಭೆ ನೆರೆದಿತ್ತು. ಅದರ ಹಿಂದಿನ ವರ್ಷ ಆ ಶಾಲೆಯಲ್ಲಿ 60 ಮಕ್ಕಳಿದ್ದರು. ಆ ವರ್ಷ 48 ಮಕ್ಕಳು ಉಳಿದಿದ್ದರು. ಈ ಇಳಿತವನ್ನು ಪಾಲಕರ ಕಣ್ಣಿಗೆ ಕಟ್ಟುವಂತೆ ತೋರಿಸಬೇಕೆಂದು ನಾವು ಗಣಕಯಂತ್ರದ ನೆರವಿನಿಂದ ಒಂದು ಚಿತ್ರವನ್ನು ಸಿದ್ಧಪಡಿಸಿದೆವು. ಬರಿಯ ಗೆರೆಗಳ ಚಿತ್ರ ನೀರಸವಾದೀತೆಂದು ಬಗೆದು, ಚೀಲ ಹೊತ್ತ ಶಾಲಾ ಬಾಲಕನ ಗೊಂಬೆಗಳೆರಡನ್ನು, ಮೈತುಂಬಿಕೊಂಡು ನಿಂತಂತೆ, ನೆರಳು ಬೆಳಕುಗಳೊಡನೆ ಬಿಡಿಸಿದೆವು. ಮೊದಲನೆಯ ಗೊಂಬೆಯ ಎತ್ತರ 60 ಪಾಲು. ಎರಡನೆಯದರ ಎತ್ತರ 48 ಪಾಲು. ಲೆಕ್ಕ ಸರಿಯಾಗಿದೆಯೆಂದು ನಮಗೆ ಪೂರ್ಣ ನಂಬಿಕೆಯಿತ್ತು.

ಚಿತ್ರವನ್ನು ಗೋಡೆಯ ಮೇಲೆ ತೋರಿಸಿದೊಡನೆ ನಡುಸಾಲಿನಿಂದ ನೇಕಾರಿಕೆಯ ಹಿರಿಯರೊಬ್ಬರು ಎದ್ದು ನಿಂತರು. “ಮಾಸ್ತರ್ರೇ, ಅರ್ಧಕ್ಕರ್ಧ ಹುಡುಗ್ರು ಕಡಿಮಿ ಆಗ್ಯಾರಲ್ರಿ! ಇನ್ನ ಸಾಲಿ ಇರ್ತದೋ ಇಲ್ಲೋ? ನಮ್ಮ ಹುಡುಗಿನ್ನ ಬ್ಯಾರೆ ಸಾಲಿಗಿ ಹಾಕಬೇಕೇನ್ರಿ?” ಎಂದು ಕೇಳಿದರು. ಅರ್ಧವಲ್ಲ, ಹನ್ನೆರಡು ಮಕ್ಕಳು ಮಾತ್ರ ಕಡಿಮೆಯಾಗಿದ್ದಾರೆಂದು ನಾವು ಹೇಳಿದೆವು. ಅವರು ಗೋಡೆಯತ್ತ ಕೈತೋರಿ, “ಅಂಕಿ ಹನ್ನೆರಡು ಅಂತದ, ಚಿತ್ರ ಅರ್ಧ ಅಂತದಲ್ರಿ,” ಎಂದು ಕುಳಿತುಕೊಂಡರು. ಅಂದು ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಇಂದಿನ ಉಪನ್ಯಾಸವು ತಡವಾಗಿ ಬಂದ ಆ ಉತ್ತರವೆಂದು ತಾವು ತಿಳಿಯಬಹುದು.

ಆ ಹಿರಿಯರ ಕಣ್ಣು ತಪ್ಪಿರಲಿಲ್ಲ. ತಪ್ಪಿದ್ದು ನಮ್ಮ ಚಿತ್ರ. ಎರಡನೆಯ ಗೊಂಬೆಯ ಎತ್ತರವನ್ನು ನಾವು ಐದರಲ್ಲಿ ನಾಲ್ಕು ಪಾಲಿಗೆ ಇಳಿಸಿದಾಗ, ಗೊಂಬೆಯ ಆಕಾರ ಕೆಡಬಾರದೆಂದು ಗಣಕಯಂತ್ರವು ಅದರ ಅಗಲವನ್ನೂ ದಪ್ಪವನ್ನೂ ಅದೇ ಪ್ರಮಾಣದಲ್ಲಿ ಇಳಿಸಿತ್ತು. ಎತ್ತರ 0.8, ಅಗಲ 0.8, ದಪ್ಪ 0.8. ಮೂರನ್ನೂ ಗುಣಿಸಿದರೆ 0.512. ಎಂದರೆ ಎರಡನೆಯ ಗೊಂಬೆಯ ಮೈಯು ಮೊದಲನೆಯದರ ಅರ್ಧಕ್ಕಿಂತ ಕೂದಲೆಳೆಯಷ್ಟೇ ಹೆಚ್ಚು. ಐದನೆಯ ಒಂದು ಪಾಲಿನ ನಷ್ಟವನ್ನು ನಾವು ಅರ್ಧದ ನಷ್ಟವೆಂದು ಸಾರಿದ್ದೆವು. ಊರವರನ್ನು ಹೆದರಿಸುವ ಉದ್ದೇಶ ನಮಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಹೆದರಿಕೆಯೇನೋ ಹುಟ್ಟಿಯೇ ಹುಟ್ಟಿತು.

ಈ ತಪ್ಪಿನ ಬೇರನ್ನು ಅರಿಯಬೇಕಾದರೆ ನಮ್ಮ ಸೀಮೆಯ ಮೂರು ವಸ್ತುಗಳನ್ನು ನೋಡಿದರೆ ಸಾಕು. ಮೊದಲನೆಯದು ನಾರಾಯಣಪೇಟೆಯ ಮಗ್ಗದ ನೂಲು. ನೂಲಿಗೆ ಲೆಕ್ಕದಲ್ಲಿ ಉದ್ದವೊಂದೇ. ಉದ್ದ ಇಮ್ಮಡಿಯಾದರೆ ನೂಲೂ ಇಮ್ಮಡಿ. ಎರಡನೆಯದು ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೆರಗುಗಳನ್ನು ಕೂಡಿಸಿ ನೇಯುವ ಗದ್ವಾಲದ ಸೀರೆ. ಸೀರೆಗೆ ಉದ್ದವೂ ಉಂಟು, ಅಗಲವೂ ಉಂಟು. ಎರಡೂ ಇಮ್ಮಡಿಯಾದರೆ ಬಟ್ಟೆ ನಾಲ್ಮಡಿಯಾಗುತ್ತದೆ. ಮೂರನೆಯದು ಮಕ್ತಲ್ ಕಡೆಯ ಕಣದಲ್ಲಿ ಬೀಳುವ ಜೋಳದ ರಾಶಿ. ಅದಕ್ಕೆ ಉದ್ದ, ಅಗಲ, ಎತ್ತರ ಮೂರೂ ಉಂಟು. ಮೂರೂ ಇಮ್ಮಡಿಯಾದರೆ ಕಾಳು ಎಂಟ್ಮಡಿಯಾಗುತ್ತದೆ. ನೂಲಿನ ಲೆಕ್ಕವನ್ನು ರಾಶಿಗೆ ಹಚ್ಚಿದುದೇ ನಾವು ಮಾಡಿದ ತಪ್ಪು.

ರಾಶಿಯ ವಿಷಯದಲ್ಲಿ ಇನ್ನೊಂದು ವಿಶೇಷವುಂಟು. ಒಣಗಿದ ಜೋಳವನ್ನು ಮೇಲಿನಿಂದ ಸುರಿದಾಗ ಅದು ತನಗೆ ತಾನೇ ಶಂಕುವಿನ ಆಕಾರವನ್ನು ತಳೆಯುತ್ತದೆ. ಒಂದೇ ಬಗೆಯ ಕಾಳಿನ ರಾಶಿ ಚಿಕ್ಕದಿರಲಿ, ದೊಡ್ಡದಿರಲಿ, ಅದರ ಇಳಿಜಾರು ಹೆಚ್ಚು ಕಡಿಮೆ ಒಂದೇ. ಕಾಳುಗಳು ಒಂದರ ಮೇಲೊಂದು ಜಾರದೆ ನಿಲ್ಲುವ ಓರೆಗೆ ಒಂದು ಮಿತಿಯಿದೆ. ಆದಕಾರಣ ಒಂದು ಮೊಳದ ರಾಶಿಗೂ ಎರಡು ಮೊಳದ ರಾಶಿಗೂ ಇರುವ ಅಂತರ ಒಂದಕ್ಕೆ ಎರಡಲ್ಲ, ಒಂದಕ್ಕೆ ಎಂಟು. ಈಗ ರಾಶಿ ಮಾಡಲು ಯಂತ್ರಗಳು ಬಂದಿವೆಯಾದರೂ ಕಾಳು ಬೀಳುವ ರೀತಿ ಮಾತ್ರ ಬದಲಾಗಿಲ್ಲ.

ಈಗ ವಿದ್ಯಾರ್ಥಿಗಳಿಗೊಂದು ಪ್ರಶ್ನೆ. ಅಣ್ಣತಮ್ಮಂದಿರಿಬ್ಬರು ಇಂಥ ಒಂದು ರಾಶಿಯನ್ನು ಸಮನಾಗಿ ಹಂಚಿಕೊಳ್ಳಬೇಕಾಗಿದೆ. ರಾಶಿಯ ಎತ್ತರ 100 ಅಂಗುಲವೆಂದಿಟ್ಟುಕೊಳ್ಳೋಣ. ಅಣ್ಣನು, “ಐವತ್ತು ಅಂಗುಲದ ಹತ್ತಿರ ಗೆರೆ ಎಳೆಯೋಣ, ಮೇಲಿನದು ನಿನಗೆ, ಕೆಳಗಿನದು ನನಗೆ” ಎಂದರೆ ತಮ್ಮನು ಒಪ್ಪಬಹುದೆ? ಒಪ್ಪಿದರೆ ತಮ್ಮನ ಮನೆಗೆ ರಾಶಿಯ ಎಂಟನೆಯ ಒಂದು ಪಾಲು ಹೋದೀತು. ಏಳು ಪಾಲು ಅಣ್ಣನಿಗೆ ಉಳಿದೀತು. ನಿಜವಾದ ಅರ್ಧದ ಗೆರೆ ಎಲ್ಲಿದೆಯೆಂದರೆ, ತುದಿಯಿಂದ 79.4 ಅಂಗುಲ ಕೆಳಗೆ. ನೆಲದಿಂದ ಅಳೆದರೆ ಬರಿಯ 20.6 ಅಂಗುಲ. ಮೊಣಕಾಲು ಮುಟ್ಟುವಷ್ಟರೊಳಗೆ ಅರ್ಧ ರಾಶಿಯೇ ಅಡಗಿದೆಯೆಂದರೆ ಕೇಳಿದವರಿಗೆ ಸೋಜಿಗವಾಗುತ್ತದೆ. ಮೂವರಲ್ಲಿ ಹಂಚಬೇಕಾದರೆ ತುದಿಯಿಂದ 69.3 ಅಂಗುಲಕ್ಕೊಂದು, 87.4 ಅಂಗುಲಕ್ಕೊಂದು ಗೆರೆ ಎಳೆಯಬೇಕು. ಈ ಅಂಕೆಗಳು ಬರುವುದು ಘನಮೂಲದಿಂದ. ತುದಿಯಿಂದ ಎಷ್ಟು ಪಾಲು ಬೇಕೋ ಆ ಭಿನ್ನರಾಶಿಯ ಘನಮೂಲವನ್ನು ತೆಗೆದು, ರಾಶಿಯ ಎತ್ತರದಿಂದ ಗುಣಿಸಿದರಾಯಿತು.

ನಮ್ಮ ಹಿರಿಯರು ಘನಮೂಲ ತೆಗೆಯದೆಯೇ ರಾಶಿಯನ್ನು ನ್ಯಾಯವಾಗಿ ಹಂಚುತ್ತಿದ್ದರು. ಅವರು ಎಂದೂ ರಾಶಿಯ ಎತ್ತರವನ್ನು ನೋಡಿ ಪಾಲು ಮಾಡಲಿಲ್ಲ. ಸೇರನ್ನೋ ಕೊಳಗವನ್ನೋ ಕೈಗೆತ್ತಿಕೊಂಡು, ಮೊದಲನೆಯ ಅಳತೆಗೆ ಒಂದು ಎನ್ನದೆ ‘ಲಾಭ’ ಎಂದು, ಅನಂತರ ಎರಡು, ಮೂರು ಎಂದು ಎಣಿಸುತ್ತ ಅಳೆದು ಕೊಡುತ್ತಿದ್ದರು. ಒಂದೇ ಗಾತ್ರದ ಅಳತೆಯನ್ನು ಎಷ್ಟು ಸಲ ತುಂಬಿದೆವೆಂಬುದೇ ಅವರ ಪ್ರಮಾಣ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದರಿಂದ ಬಹಳ ಪ್ರಯೋಜನವಿದೆ.

ಇನ್ನು ಶಂಕುವನ್ನು ತಲೆಕೆಳಗು ಮಾಡೋಣ. ಸಂತೆಯಲ್ಲಿ ಕಾಗದವನ್ನು ಸುತ್ತಿ ಕೊಡುವ ಶೇಂಗಾ ಪೊಟ್ಟಣವೇ ತಲೆಕೆಳಗಾದ ಶಂಕು. ಅದರಲ್ಲಿ ಅರ್ಧ ಎತ್ತರದವರೆಗೆ ಶೇಂಗಾ ತುಂಬಿದ್ದರೆ ಅದು ಅರ್ಧ ಪೊಟ್ಟಣವಲ್ಲ. ಎಂಟನೆಯ ಒಂದು ಪಾಲು. ಬಾಲಕರು ಇದನ್ನು ನಂಬಬೇಕಾಗಿಲ್ಲ, ಮಾಡಿ ನೋಡಬಹುದು. ದಪ್ಪ ಕಾಗದದಿಂದ ಒಂದು ಪೊಟ್ಟಣ ಮಾಡಿ, ಅರ್ಧ ಎತ್ತರಕ್ಕೆ ಗುರುತು ಹಾಕಿ, ಗುರುತಿನವರೆಗೆ ಉಸುಕು ತುಂಬಿ ಒಂದು ಪಾತ್ರೆಗೆ ಸುರಿಯಿರಿ. ಹೀಗೆ ಎಂಟು ಸಲ ಸುರಿದ ಉಸುಕನ್ನು ತಿರುಗಿ ಪೊಟ್ಟಣಕ್ಕೆ ಹಾಕಿದರೆ ಅದು ಬಾಯಿಮಟ್ಟ ತುಂಬುತ್ತದೆ. ತಾಯಂದಿರು ಇದನ್ನು ಕಲಿತರೆ ಶೇಂಗಾ ಮಾರುವವರಿಗೆ ಕಷ್ಟವಾದೀತು. ಆ ಹೊಣೆ ನಮ್ಮದಲ್ಲ.

ಪೊಟ್ಟಣದಿಂದ ಕೃಷ್ಣಾ ನದಿಗೆ ಬರೋಣ. ಗದ್ವಾಲದ ಸಮೀಪದ ಜೂರಾಲಾ ಜಲಾಶಯವನ್ನು ತಾವೆಲ್ಲರೂ ಬಲ್ಲಿರಿ. ಮಳೆಗಾಲದಲ್ಲಿ ಅದರ ಸುದ್ದಿ ಬರುವಾಗ ಎರಡು ಅಂಕೆಗಳು ಜೊತೆಯಾಗಿ ಬರುತ್ತವೆ. ನೀರಿನ ಮಟ್ಟ ಇಷ್ಟು ಮೀಟರು, ಸಂಗ್ರಹ ಇಷ್ಟು ಟಿಎಂಸಿ. ಪೂರ್ಣ ಮಟ್ಟ 318.516 ಮೀಟರು, ಆಗಿನ ಸಂಗ್ರಹ 9.657 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಎರಡು ಅಂಕೆಗಳೇಕೆ ಬೇಕು, ಒಂದು ಸಾಲದೆ ಎಂದು ಕೇಳಬಹುದು. ನದಿಯ ಕಣಿವೆಯು ತಳದಲ್ಲಿ ಕಿರಿದು, ಮೇಲೆ ಹೋದಂತೆ ಹಿರಿದು. ಅಡಿಯಲ್ಲಿ ಒಂದು ಮೀಟರು ನೀರು ಏರಿದರೆ ಸೇರುವ ನೀರು ಸ್ವಲ್ಪ. ಮೇಲ್ಭಾಗದಲ್ಲಿ ಅದೇ ಒಂದು ಮೀಟರು ಏರಿದರೆ ಸೇರುವ ನೀರು ಬಹಳ. ಆದ್ದರಿಂದಲೇ ಎಂಜಿನಿಯರುಗಳು ಜಲಾಶಯದ ಆಳವನ್ನು ಅಳೆದು, ಯಾವ ಮಟ್ಟಕ್ಕೆ ಎಷ್ಟು ನೀರೆಂಬ ಕೋಷ್ಟಕವನ್ನು ಮೊದಲೇ ಸಿದ್ಧಪಡಿಸಿರುತ್ತಾರೆ. ಅರ್ಧ ಎತ್ತರ ನೀರಿದೆಯೆಂದು ಅರ್ಧ ಬೆಳೆಗೆ ಭರವಸೆ ಇಟ್ಟುಕೊಂಡ ಒಕ್ಕಲಿಗನು ಮೋಸಹೋಗುತ್ತಾನೆ.

ಇಷ್ಟರಿಂದ ಮೂಲತತ್ತ್ವವು ಸ್ಪಷ್ಟವಾಯಿತಷ್ಟೆ. ಇನ್ನು ಇದನ್ನು ಗಣಕಯಂತ್ರಕ್ಕೆ ಹೇಳುವ ಬಗೆಯನ್ನು ನೋಡೋಣ. ಅಂಕಿಸಂಖ್ಯೆಗಳ ಚಿತ್ರಗಳನ್ನು ಬರೆಯಲು ಇಂದು ಪ್ರಪಂಚದಲ್ಲಿ ಬಹುವಾಗಿ ಬಳಕೆಯಲ್ಲಿರುವ ಗಣಕಭಾಷೆಗಳಲ್ಲಿ ‘ಆರ್’ ಎಂಬುದೊಂದು. ನ್ಯೂಜಿಲೆಂಡ್ ದೇಶದ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಅಧ್ಯಾಪಕರು 1990ರ ದಶಕದ ಆರಂಭದಲ್ಲಿ ಇದನ್ನು ರಚಿಸತೊಡಗಿದರು. 2000ದ ಫೆಬ್ರುವರಿ 29ರಂದು ಇದರ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಇದನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು. ಘನಾಕೃತಿಗಳನ್ನು ಬರೆದು, ಬೇಕಾದತ್ತ ತಿರುಗಿಸಿ ನೋಡುವುದಕ್ಕೆ ಇದರೊಡನೆ ‘ಆರ್‌ಜಿಎಲ್’ ಎಂಬ ಉಪಕರಣವೂ ಉಂಟು.

ಗಣಕಯಂತ್ರಕ್ಕೆ ಬರೆದುಕೊಡುವ ಆಜ್ಞೆಗಳ ಸರಣಿಗೆ ಪ್ರೋಗ್ರಾಮು ಎಂದು ಹೆಸರು. ಘನಾಕೃತಿಯೊಂದನ್ನು ಪ್ರಮಾಣಬದ್ಧವಾಗಿ ಭಾಗಿಸುವ ಪ್ರೋಗ್ರಾಮಿನಲ್ಲಿ ನಾಲ್ಕು ಹೆಜ್ಜೆಗಳಿವೆ. ಒಂದನೆಯದು, ಕೊಟ್ಟ ಅಂಕೆಗಳನ್ನೆಲ್ಲ ಕೂಡಿಸಿ, ಒಂದೊಂದೂ ಒಟ್ಟಿನಲ್ಲಿ ಎಷ್ಟು ಪಾಲೆಂದು ಕಂಡುಹಿಡಿಯುವುದು. ಎರಡನೆಯದು, ಆ ಪಾಲುಗಳನ್ನು ಒಂದರ ಮೇಲೊಂದು ಕೂಡಿಸುತ್ತ ಹೋಗುವುದು. ಮೂರನೆಯದು, ಆಯಾ ಆಕೃತಿಯ ನಿಯಮಕ್ಕೆ ಅನುಸಾರವಾಗಿ ಕೊಯ್ತದ ಎತ್ತರವನ್ನು ನಿಶ್ಚಯಿಸುವುದು. ನಾಲ್ಕನೆಯದು, ಕೊಯ್ದ ತುಂಡುಗಳ ಘನಫಲವನ್ನು ತಿರುಗಿ ಲೆಕ್ಕಹಾಕಿ, ಅದು ಮೊದಲಿನ ಪಾಲಿಗೆ ಹೊಂದುತ್ತದೆಯೋ ಇಲ್ಲವೋ ಎಂದು ತಾಳೆ ನೋಡುವುದು. ನಾಲ್ಕನೆಯ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಅಂದು ನಾವೂ ಬಿಟ್ಟಿದ್ದೆವು.

ಮೂರನೆಯ ಹೆಜ್ಜೆಯಲ್ಲಿ ಆಕೃತಿಯಿಂದ ಆಕೃತಿಗೆ ಭೇದವಿದೆ. ಪೆಟ್ಟಿಗೆಗೂ, ನೆಟ್ಟಗೆ ನಿಂತ ಡಬ್ಬಿಗೂ ಕಷ್ಟವಿಲ್ಲ. ಅವುಗಳ ಅಗಲ ಕೆಳಗಿನಿಂದ ಮೇಲಿನವರೆಗೆ ಒಂದೇ ಆದುದರಿಂದ ಅರ್ಧ ಎತ್ತರವೇ ಅರ್ಧ ಘನಫಲ. ಶಂಕುವಿಗೆ ಘನಮೂಲ ಬೇಕು. ಗೋಳಕ್ಕೆ, ಎಂದರೆ ಲಾಡುವಿನಂಥ ಆಕೃತಿಗೆ, ನೇರವಾದ ದಾರಿ ತೊಡಕಿನದು. ಗೋಳದ ಅಡಿಯಿಂದ ಅಳೆದ ಎತ್ತರವನ್ನು ವ್ಯಾಸದ ಭಾಗವಾಗಿ ಬರೆದು, ಅದರ ವರ್ಗದ ಮೂರರಷ್ಟರಿಂದ ಅದರ ಘನದ ಎರಡರಷ್ಟನ್ನು ಕಳೆದರೆ, ಅಷ್ಟು ಎತ್ತರದೊಳಗಿನ ಪಾಲು ದೊರೆಯುತ್ತದೆ. ಆದರೆ ನಮಗೆ ಬೇಕಾದದ್ದು ಇದರ ವಿಲೋಮ: ಪಾಲು ತಿಳಿದಿದೆ, ಎತ್ತರ ತಿಳಿಯಬೇಕು. ಆಗ ಗಣಕಯಂತ್ರವು ಜಾಣ ವರ್ತಕನಂತೆ ಚೌಕಾಸಿಗೆ ತೊಡಗುತ್ತದೆ. 100 ಅಂಗುಲ ವ್ಯಾಸದ ಗೋಳದಲ್ಲಿ ಕಾಲು ಪಾಲು ಬೇಕೆನ್ನಿ. 50 ಅಂಗುಲ ಹಿಡಿದರೆ ಅರ್ಧ ಬರುತ್ತದೆ, ಹೆಚ್ಚಾಯಿತು. 25 ಹಿಡಿದರೆ ನೂರಕ್ಕೆ 15.6 ಬರುತ್ತದೆ, ಕಡಿಮೆಯಾಯಿತು. ಅವೆರಡರ ನಡುವಿನ 37.5 ಹಿಡಿದರೆ 31.6, ಹೆಚ್ಚು, 31.25 ಹಿಡಿದರೆ 23.2, ಕಡಿಮೆ. ಹೀಗೆ ನಡುವನ್ನು ಹಿಡಿಯುತ್ತ ಹಿಡಿಯುತ್ತ 32.6ರ ಹತ್ತಿರ ಬಂದು ನಿಲ್ಲುತ್ತದೆ. ಬಾಲಕರು ಇದನ್ನು ಪಾಟಿಯ ಮೇಲೆಯೇ ಮಾಡಬಹುದು. ಯಂತ್ರದ ಹೆಚ್ಚುಗಾರಿಕೆ ವೇಗದಲ್ಲಿ ಮಾತ್ರ.

ಇಷ್ಟು ಸರಿಯಾಗಿ ಲೆಕ್ಕ ಮಾಡಿದ ಮೇಲೂ ಚಿತ್ರವು ನಿಜ ಹೇಳುತ್ತದೆಯೆ? ಒಂದು ಉದಾಹರಣೆಯಿಂದ ನೋಡೋಣ. ಒಬ್ಬ ಒಕ್ಕಲಿಗನ ಹೊಲದಲ್ಲಿ ಜೋಳ ನೂರಕ್ಕೆ 50, ತೊಗರಿ 30, ಶೇಂಗಾ 20 ಪಾಲು ಎಂದು ಕಲ್ಪಿಸಿಕೊಳ್ಳೋಣ. ಇದನ್ನು 100 ಅಂಗುಲದ ಶಂಕುವಿನಲ್ಲಿ ಬಣ್ಣ ಬಣ್ಣದ ಪದರಗಳಾಗಿ ತೋರಿಸುತ್ತೇವೆ. ತುದಿಯಲ್ಲಿ ಶೇಂಗಾ, ನಡುವೆ ತೊಗರಿ, ಅಡಿಯಲ್ಲಿ ಜೋಳ. ಘನಫಲದ ಲೆಕ್ಕವನ್ನು ಕೂದಲು ಸೀಳಿದಂತೆ ಮಾಡಿದರೂ ಶೇಂಗಾದ ಪದರ 58.5 ಅಂಗುಲ, ತೊಗರಿಯದು 20.9 ಅಂಗುಲ, ಜೋಳದ್ದು 20.6 ಅಂಗುಲ. ಎಲ್ಲಕ್ಕಿಂತ ಕಡಿಮೆಯಿರುವ ಶೇಂಗಾ ಚಿತ್ರದಲ್ಲಿ ಎಲ್ಲಕ್ಕಿಂತ ಎತ್ತರ. ಅರ್ಧ ಹೊಲವನ್ನೇ ತುಂಬಿರುವ ಜೋಳ ಎಲ್ಲಕ್ಕಿಂತ ಗಿಡ್ಡ. ಪದರಗಳನ್ನು ಮೇಲು ಕೆಳಗು ಮಾಡಿದರೆ ಜೋಳದ ಎತ್ತರ 79.4, ತೊಗರಿಯದು 13.5, ಶೇಂಗಾದ್ದು 7.2 ಎಂದಾಗುತ್ತದೆ. ಹೊಲ ಒಂದೇ, ಪಾಲುಗಳು ಅವೇ, ಲೆಕ್ಕವೂ ಸರಿ. ಚಿತ್ರಗಳು ಹೇಳುವ ಕಥೆ ಮಾತ್ರ ಬೇರೆ ಬೇರೆ. ನೋಡುವವನ ಕಣ್ಣು ಎತ್ತರಕ್ಕೆ ಅಂಟಿಕೊಳ್ಳುತ್ತದೆ. ಘನಫಲವನ್ನು ತೂಗಿ ನೋಡುವ ಶಕ್ತಿ ಅದಕ್ಕೆ ಬಹು ಕಡಿಮೆ. ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಅಮೆರಿಕದ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥ ಚಿತ್ರಗಳನ್ನು ನಮ್ಮ ಕಣ್ಣು ಓದುವ ಬಗೆಯನ್ನು ವಿಚಾರ ಮಾಡಿ, ಒಂದೇ ಗೆರೆಯ ಮೇಲೆ ನಿಂತ ಎತ್ತರಗಳನ್ನು ಹೋಲಿಸುವುದು ಎಲ್ಲಕ್ಕಿಂತ ಸುಲಭವೆಂದೂ, ಘನಫಲಗಳನ್ನು ಹೋಲಿಸುವುದು ಕಠಿಣವೆಂದೂ ತಿಳಿಸಿದ್ದಾರೆ.

ಶಂಕುವನ್ನು ಅಡ್ಡಲಾಗಿ ಕೊಯ್ಯದೆ, ಹೋಳಿಗೆಯನ್ನು ಹಂಚಿದಂತೆ ನಡುವಿನಿಂದ ಸುತ್ತಲೂ ಹೋಳು ಮಾಡಬಹುದಲ್ಲವೆ ಎಂದು ಜಾಣ ವಿದ್ಯಾರ್ಥಿಗಳು ಕೇಳಬಹುದು. ಒಳ್ಳೆಯ ಪ್ರಶ್ನೆ. ಆಗ ಕೋನಕ್ಕೂ ಪಾಲಿಗೂ ನೇರ ಸಂಬಂಧ ಬರುತ್ತದೆ. ಘನಮೂಲದ ತೊಡಕೇ ಇಲ್ಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತನು 1801ರಲ್ಲಿಯೇ ವೃತ್ತವನ್ನು ಹೀಗೆ ಹೋಳು ಮಾಡಿ ಅಂಕೆಗಳನ್ನು ತೋರಿಸಿದನು. ಆದರೆ ಆ ವೃತ್ತಕ್ಕೆ ದಪ್ಪ ಕೊಟ್ಟು, ಅಂದಕ್ಕಾಗಿ ಓರೆಯಾಗಿ ಮಲಗಿಸಿದೊಡನೆ ಕೇಡು ಮೊದಲಾಗುತ್ತದೆ. ಕೋನಗಳು ಕೆಲವು ಹಿಗ್ಗಿ ಕೆಲವು ಕುಗ್ಗಿ ಕಾಣುತ್ತವೆ. ಮುಂದಿರುವ ಹೋಳಿಗೆ ತನ್ನ ಮೈಯಲ್ಲದೆ ದಪ್ಪನೆಯ ಅಂಚೂ ಸೇರಿಕೊಂಡು ಅದು ಉಬ್ಬಿ ತೋರುತ್ತದೆ. ಹಿಂದಿನ ಹೋಳಿಗೆ ಆ ಭಾಗ್ಯವಿಲ್ಲ. ತನಗೆ ಬೇಕಾದ ಹೋಳನ್ನು ಮುಂದಕ್ಕೆ ತಂದಿಡುವವನು ಒಂದು ಅಂಕೆಯನ್ನೂ ತಿದ್ದದೆ ಸುಳ್ಳು ಹೇಳಬಲ್ಲನು.

ಈ ಬಗೆಯ ಎಚ್ಚರಿಕೆಯನ್ನು ಬಲ್ಲವರು ಹಿಂದೆಯೂ ಕೊಟ್ಟಿದ್ದಾರೆ. ಡಾರೆಲ್ ಹಫ್ ಎಂಬ ಅಮೆರಿಕದ ಲೇಖಕನು ಅಂಕಿಸಂಖ್ಯೆಗಳಿಂದ ಸುಳ್ಳು ಹೇಳುವ ಬಗೆಗಳನ್ನು ಬಯಲಿಗೆಳೆದು 1954ರಲ್ಲಿ ಬರೆದ ಪುಸ್ತಕದಲ್ಲಿ, ಇಮ್ಮಡಿ ಸಂಬಳಕ್ಕೆ ಇಮ್ಮಡಿ ಎತ್ತರದ ಹಣದ ಚೀಲವನ್ನು ಬರೆಯುವವರ ಕುಯುಕ್ತಿಯನ್ನು ವಿವರಿಸಿದನು. ಅದಕ್ಕಿಂತ ಮುಂಚೆ, 1920ರ ದಶಕದಲ್ಲಿ, ವಿಯೆನ್ನಾ ನಗರದಲ್ಲಿ ಆಟೋ ನಾಯ್‌ರಾತ್ ಎಂಬ ವಿದ್ವಾಂಸನು ಓದುಬರಹ ಕಡಿಮೆಯಿದ್ದ ಜನರಿಗೂ ತಿಳಿಯುವಂತೆ ಚಿತ್ರಗಳನ್ನು ರಚಿಸುವಾಗ ಒಂದು ನಿಯಮವನ್ನು ಪಾಲಿಸಿದನು. ಹೆಚ್ಚು ಪ್ರಮಾಣವನ್ನು ತೋರಿಸಲು ಚಿಹ್ನೆಯನ್ನು ದೊಡ್ಡದು ಮಾಡಬಾರದು. ಒಂದೇ ಗಾತ್ರದ ಚಿಹ್ನೆಯನ್ನು ಹೆಚ್ಚು ಸಲ ಬರೆಯಬೇಕು. ನಮ್ಮ ಕಣದ ಹಿರಿಯರು ಸೇರು ಹಿಡಿದು ಎಣಿಸಿದ್ದಕ್ಕೂ ಈ ನಿಯಮಕ್ಕೂ ಏನು ಭೇದ? ವಿಯೆನ್ನಾದ ವಿದ್ವಾಂಸನೂ ಮಕ್ತಲ್ ಕಡೆಯ ಒಕ್ಕಲಿಗನೂ ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಮಾತಿಗೆ ಬಂದು ನಿಂತರು.

ಇದೆಲ್ಲ ಹೊರನಾಡಿನ ವಿದ್ಯೆಯೆಂದು ವಿದ್ಯಾರ್ಥಿಗಳು ಭಾವಿಸಬಾರದು. ನಮ್ಮ ನಾರಾಯಣಪೇಟೆಯ ವಾಯವ್ಯಕ್ಕೆ, ಗಡಿಯಾಚೆ ಸೇಡಂ ತಾಲ್ಲೂಕಿನಲ್ಲಿ ಮಳಖೇಡವಿದೆ. ಅದೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದ ನಡುಭಾಗದಲ್ಲಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು, ಅದರ ಆರಂಭದಲ್ಲಿ ಆ ಅರಸನನ್ನು ಸ್ತುತಿಸಿದ್ದಾನೆ. ಘನಮೂಲವನ್ನು ತೆಗೆಯುವ ಕ್ರಮ ಆ ಗ್ರಂಥದಲ್ಲಿದೆ. ‘ಪ್ರಕ್ಷೇಪಕ’ವೆಂಬ ಹೆಸರಿನಿಂದ ಪ್ರಮಾಣಾನುಸಾರವಾಗಿ ಹಂಚುವ ಗಣಿತವಿದೆ. ಅಗೆದ ಹಳ್ಳಗಳ ಘನಫಲವನ್ನು ತಿಳಿಸುವ ‘ಖಾತವ್ಯವಹಾರ’ವೆಂಬ ಅಧ್ಯಾಯವೇ ಇದೆ. ಇಂದು ನಾವು ಯಂತ್ರಕ್ಕೆ ಹೇಳಿದ ಹೆಜ್ಜೆಗಳಿಗೆ ಬೇಕಾದ ಸಾಮಗ್ರಿ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ನಮ್ಮ ನೆರೆಯಲ್ಲಿತ್ತು.

ಸಂಖ್ಯಾಶಾಸ್ತ್ರಕ್ಕೆ ನಾಡಿನ ಗಡಿಯೂ ಅಡ್ಡಿಯಲ್ಲ. ಈ ಶಾಸ್ತ್ರದಲ್ಲಿ ಜಗದ್ವಿಖ್ಯಾತರಾದ ಸಿ. ಆರ್. ರಾವ್ ಅವರು 1920ರ ಸೆಪ್ಟೆಂಬರ್ 10ರಂದು ಕನ್ನಡನಾಡಿನ ಹೂವಿನಹಡಗಲಿಯಲ್ಲಿ, ತೆಲುಗು ಮನೆತನದಲ್ಲಿ ಜನಿಸಿದರು. 2001ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮವಿಭೂಷಣವನ್ನು ನೀಡಿತು. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಅವರಿಗೆ ಸಂದಿತು. ಅದೇ ವರ್ಷದ ಆಗಸ್ಟ್ 22ರಂದು ನೂರೆರಡರ ವಯಸ್ಸಿನಲ್ಲಿ ತೀರಿಕೊಂಡರು. ಕನ್ನಡ ಸೀಮೆಯಲ್ಲಿ ಹುಟ್ಟಿದ ತೆಲುಗು ಬಾಲಕನು ಅಷ್ಟೆತ್ತರಕ್ಕೆ ಏರಿರುವಾಗ, ತೆಲುಗು ಸೀಮೆಯಲ್ಲಿ ಕನ್ನಡ ಓದುವ ನೀವು ಹಿಂಜರಿಯಲು ಕಾರಣವೇನಿದೆ?

ಆದರೆ ನಮ್ಮಂಥ ಗಡಿಶಾಲೆಗಳಲ್ಲಿ ಸಂಖ್ಯೆಯು ಬರಿಯ ಅಂಕಿಯಲ್ಲವೆಂಬುದನ್ನು ಮರೆಯುವಂತಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ತಾಲ್ಲೂಕು ಆಂಧ್ರಪ್ರದೇಶಕ್ಕೆ ಸೇರಿತು. ಜಿಲ್ಲೆಗಳ ಗೆರೆಗಳು ಅನಂತರವೂ ಬದಲಾದವು. 2019ರ ಫೆಬ್ರುವರಿ 17ರಂದು ನಾರಾಯಣಪೇಟೆಯೇ ಒಂದು ಜಿಲ್ಲೆಯಾಯಿತು. ಗೆರೆಗಳು ಎಲ್ಲಿ ಬಿದ್ದರೂ ಮನೆಯ ಮಾತು ಮನೆಯಲ್ಲಿ ಉಳಿಯಿತು; ಅದಕ್ಕೊಂದು ಶಾಲೆಯೂ ಉಳಿಯಬೇಕೆಂದು ಹಿರಿಯರು ಬಯಸಿದರು. ಇಂಥ ಶಾಲೆಯಲ್ಲಿ ಮಕ್ಕಳೆಷ್ಟು ಎಂಬುದನ್ನು ನೋಡಿಯೇ ಪಾಲಕರು ಮುಂದಿನ ವರ್ಷದ ವಿಚಾರ ಮಾಡುತ್ತಾರೆ. ಅಲ್ಲಿ ಒಂದು ತಪ್ಪು ಚಿತ್ರವು ಅಂಕಿಯನ್ನು ತೋರಿಸುವುದಷ್ಟೇ ಅಲ್ಲ, ಮುಂದಿನ ಅಂಕಿಯನ್ನು ತಾನೇ ಹುಟ್ಟಿಸುತ್ತದೆ. ಅರ್ಧ ಶಾಲೆ ಖಾಲಿಯಾಯಿತೆಂದು ನಂಬಿದವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡರೆ ಆ ಸುಳ್ಳೇ ನಿಜವಾದೀತು.

ಆ ನಮ್ಮ ಗೊಂಬೆಗಳ ಗತಿ ಏನಾಯಿತೆಂದು ಹೇಳಿ ಮುಗಿಸುತ್ತೇವೆ. ಮೊದಲು ಗೊಂಬೆಯ ಎತ್ತರವನ್ನು 0.8ರ ಘನಮೂಲಕ್ಕೆ, ಎಂದರೆ 0.928ಕ್ಕೆ ತಿದ್ದಿದೆವು. ಘನಫಲವೇನೋ ಸರಿಹೋಯಿತು, ಆದರೆ 60ರ ಎದುರು 55.7ರ ಗೊಂಬೆಯನ್ನು ನೋಡಿದವರಿಗೆ ಇಳಿತವೇ ಇಲ್ಲವೆಂಬಂತೆ ತೋರಿತು. ಹೆದರಿಸುವ ಸುಳ್ಳಿನ ಬದಲು ಸಮಾಧಾನದ ಸುಳ್ಳು ಬಂದಿತ್ತು. ಕಡೆಗೆ ಎರಡನ್ನೂ ಅಳಿಸಿ, ಒಂದೇ ಗಾತ್ರದ ಪುಟ್ಟ ಗೊಂಬೆಗಳನ್ನು ಮೇಲಿನ ಸಾಲಿನಲ್ಲಿ 60, ಕೆಳಗಿನ ಸಾಲಿನಲ್ಲಿ 48 ಬರೆದು, ಉಳಿದ ಹನ್ನೆರಡು ಜಾಗಗಳನ್ನು ಖಾಲಿ ಬಿಟ್ಟೆವು. ಮುಂದಿನ ಸಭೆಯಲ್ಲಿ ಅದನ್ನು ತೋರಿಸಿದಾಗ ಆ ಹಿರಿಯರು ಬೆರಳು ಮಾಡಿ ಖಾಲಿ ಜಾಗಗಳನ್ನು ಎಣಿಸಿದರು. “ಹನ್ನೆರಡು ಮಂದಿ. ಅವ್ರ ಮನಿಗಿ ಹೋಗಿ ಯಾಕ ಬಿಡಿಸಿರಿ ಅಂತ ಕೇಳಿದ್ರಾತು ಬಿಡ್ರಿ,” ಎಂದರು.

ಅರ್ಧವೆಂದಾಗ ಕೈಚೆಲ್ಲಿದ್ದ ಮನುಷ್ಯರು ಹನ್ನೆರಡೆಂದಾಗ ಮನೆಗಳ ಹೆಸರನ್ನು ಹೇಳತೊಡಗಿದರು. ಸರಿಯಾದ ಚಿತ್ರದ ಪ್ರಯೋಜನ ಇದೇ. ಅದು ಅಂಜಿಸುವುದಿಲ್ಲ, ಮರೆಸುವುದಿಲ್ಲ. ಮಾಡಬೇಕಾದ ಕೆಲಸ ಎಷ್ಟಿದೆಯೆಂದು ತಿಳಿಸುತ್ತದೆ.

ವಿದ್ಯಾರ್ಥಿಗಳೆ, ನಿಮ್ಮಲ್ಲಿ ಹಲವರು ನಾಳೆ ಗಣಕಯಂತ್ರದ ಮುಂದೆ ಕುಳಿತು ಇಂಥ ಚಿತ್ರಗಳನ್ನು ಬರೆಯುವಿರಿ. ಯಂತ್ರವು ನೀವು ಹೇಳಿದ್ದನ್ನು ಮಾಡುತ್ತದೆ; ಹೇಳಿದ್ದು ನ್ಯಾಯವೋ ಅನ್ಯಾಯವೋ ಎಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬೇಕು. ಪಾಲಕರೆ, ಉಬ್ಬಿದ ಬಣ್ಣದ ಚಿತ್ರಗಳು ಪತ್ರಿಕೆಯಲ್ಲಿ ಬರಲಿ, ಸಭೆಯಲ್ಲಿ ಬರಲಿ, ನಮ್ಮಂಥವರ ಕೈಯಿಂದಲೇ ಬರಲಿ, ಆ ನೇಕಾರ ಹಿರಿಯರಂತೆ ಎದ್ದು ನಿಂತು ಕೇಳಿರಿ. ಕೇಳುವವರು ಇರುವವರೆಗೆ ಲೆಕ್ಕ ಕೆಡುವುದಿಲ್ಲ.